ನನ್ನದಲ್ಲದ ಫೈಲು

ಶಿರಸ್ತೇದಾರ ಕಾಕಾ ಅವರ ಬಲಗೈ ಹೆಬ್ಬೆರಳಿನ ಒಳಬದಿಗೆ ಜೋಳದ ಕಾಳಿನಷ್ಟು ದಪ್ಪದ ಒಂದು ಗಂಟು ಇತ್ತು. ಮೂವತ್ತೊಂದು ವರ್ಷ ಕೋರ್ಟಿನ ಕಡತಗಳಿಗೆ ದಬ್ಬಣ ಚುಚ್ಚಿ ದಾರ ಎಳೆದು ಆದ ಗಂಟು. ಲೋವರ್ ಹಟ್ಟ್ ಎಂಬ ಈ ಪರದೇಶದ ಊರಿನ ಚಳಿಗಾಲದಲ್ಲಿ ಅದು ಬಿಳಿಚಿಕೊಂಡು ಸೀಳುತ್ತಿತ್ತು, ಕೆಲವೊಮ್ಮೆ ರಕ್ತವೂ ಜಿನುಗುತ್ತಿತ್ತು. ಮಗಳು ತಂದಿಟ್ಟ ಕ್ರೀಮನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. “ಎಣ್ಣಿ ಹಚ್ಚಿದ ಕೈಲೆ ಕಾಗದ ಮುಟ್ಟಬಾರದವಾ, ಅಕ್ಷರ ಹರೀತಾವು” ಎನ್ನುತ್ತಿದ್ದರು. ನಿವೃತ್ತರಾಗಿ ಹದಿನೈದು ವರ್ಷ ಕಳೆದಿತ್ತು. ಮುಟ್ಟಲು ಯಾವ ಕಾಗದವೂ ಉಳಿದಿರಲಿಲ್ಲ, ದಿನಸಿ ಅಂಗಡಿಯ ರಸೀದಿಗಳನ್ನು ಬಿಟ್ಟರೆ. ಆ ರಸೀದಿಗಳಿಗೂ ಅವರು ಬಲಮೂಲೆಯಲ್ಲಿ ಪೆನ್ಸಿಲಿನಿಂದ ನಂಬರು ಹಾಕಿಡುತ್ತಿದ್ದರು.

ಅವರ ಮಗಳ ಮನೆ ನಮ್ಮ ಮನೆಯ ಪಕ್ಕದ್ದು, ನಡುವೆ ಒಂದು ಮರದ ಬೇಲಿ ಅಷ್ಟೇ. ಕಾಕಾ ಧಾರವಾಡದ ಕೋರ್ಟೊಂದರಲ್ಲಿ ಗುಮಾಸ್ತರಾಗಿ ಸೇರಿ, ನಕಲು ಶಾಖೆ, ರೆಕಾರ್ಡ್ ರೂಮು ಎಲ್ಲ ದಾಟಿ ಶಿರಸ್ತೇದಾರರಾಗಿ ಹೊರಬಂದವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಇಲ್ಲಿಗೆ ಕರೆಸಿಕೊಂಡಿದ್ದಳು. ಊರಿನ ಕನ್ನಡದವರೆಲ್ಲ ಅವರನ್ನು ಅಂಕಲ್ ಎನ್ನುತ್ತಿದ್ದರು. ನಾನು ಗದಗಿನವಳು, ನನ್ನ ಬಾಯಿಗೆ ಕಾಕಾ ಅಂತಲೇ ಬಂತು. ಅದು ಅವರಿಗೆ ಹಿಡಿಸಿತು ಅಂತ ಕಾಣುತ್ತದೆ. ಮರುದಿನವೇ ಬೇಲಿಯ ಮೇಲಿನಿಂದ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ದಾಟಿ ಬಂತು.

ಹಾಗೆ ನೋಡಿದರೆ ಅವರು ಸುಲಭದ ಮನುಷ್ಯರಲ್ಲ. ಬಸ್ ನಿಲ್ದಾಣದ ವೇಳಾಪಟ್ಟಿಯಿಂದ ಹಿಡಿದು ಲೈಬ್ರರಿಯ ನಿಯಮಗಳ ಫಲಕದವರೆಗೆ ಎಲ್ಲವನ್ನೂ ನಿಂತು ಪೂರ್ತಿ ಓದುತ್ತಿದ್ದರು. ತಪ್ಪು ಕಂಡರೆ ಒಳಗೆ ಹೋಗಿ ಹೇಳಿಯೂ ಬರುತ್ತಿದ್ದರು. ಅವರೊಂದಿಗೆ ಡೈರಿಗೆ ಹಾಲು ತರಲು ಹೋದರೆ ಅರ್ಧ ಗಂಟೆ. ಮಗಳು “ಅಪ್ಪಾಜಿ, ಇಲ್ಲಿ ಯಾರೂ ಹಂಗ ಮಾಡೂದಿಲ್ರಿ” ಎಂದು ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದಳು. ಅವರು ಪೂರ್ತಿ ತೋಳಿನ ಅಂಗಿಯ ಗುಂಡಿಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಮುಂದೆ ನಡೆಯುತ್ತಿದ್ದರು.

ನನಗೂ ಅವರಿಗೂ ನಿಜವಾದ ನಂಟು ಬೆಳೆದದ್ದು ಒಂದು ಕಾಗದದಿಂದ.

ನಾನು ಇಲ್ಲಿನ ಕಿಂಡರ್‌ಗಾರ್ಟನ್ನುಗಳಲ್ಲಿ ರಜೆಯ ಮೇಲೆ ಹೋದ ಟೀಚರುಗಳ ಬದಲಿಗೆ ಹೋಗಿ ಪಾಠ ಮಾಡುತ್ತಿದ್ದೆ. ಎರಡು ವರ್ಷದ ಮೇಲೆ ಒಂದು ಕಡೆ ಕಾಯಂ ಕೆಲಸ ಸಿಕ್ಕಿತು. ಮಕ್ಕಳೊಂದಿಗೆ ಕೆಲಸ ಮಾಡುವವರ ಹಿನ್ನೆಲೆಯನ್ನು ಆಗಾಗ ತಪಾಸಣೆ ಮಾಡುತ್ತಾರೆ. ಮೊದಲಿನ ತಪಾಸಣೆಯಲ್ಲಿ ಏನೂ ಬಂದಿರಲಿಲ್ಲ, ಹಾಗಾಗಿ ಈ ಸಲವೂ ನಿಶ್ಚಿಂತೆಯಾಗಿ ಸಹಿ ಮಾಡಿ ಕೊಟ್ಟಿದ್ದೆ. ಮೂರು ವಾರದ ನಂತರ ಮುಖ್ಯಸ್ಥೆ ನನ್ನನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು. ನನ್ನ ಮುಖ ನೋಡದೆ ಮೇಜಿನ ಮೇಲಿನ ಹಾಳೆಯನ್ನು ನನ್ನತ್ತ ಸರಿಸಿದರು. ಅದರಲ್ಲಿ ನನ್ನ ಹೆಸರು, ನನ್ನ ಜನ್ಮದಿನಾಂಕ. ಕೆಳಗೆ ಒಂದೇ ಸಾಲು: ಗಾಯ ಮಾಡುವ ಉದ್ದೇಶದಿಂದ ಹಲ್ಲೆ, ಆಕ್ಲೆಂಡ್ ಕಡೆಯ ಒಂದು ಕೋರ್ಟು, ಶಿಕ್ಷೆಯಾಗಿದೆ.

“ಇದು ನಾನಲ್ಲ” ಅಂದೆ.

“ಇರಬಹುದು. ಆದರೆ ಇದು ಇರುವವರೆಗೆ ನಿಮ್ಮನ್ನು ಮಕ್ಕಳ ಹತ್ತಿರ ಬಿಡಲು ನನಗೆ ಆಗದು” ಅಂದರು ಆಕೆ. ಕೆಟ್ಟವರಲ್ಲ. ಕಣ್ಣಲ್ಲಿ ನೀರಿತ್ತು. ಆದರೆ ನಾನು ಕೋಟು ತೆಗೆದುಕೊಳ್ಳಲು ಮಕ್ಕಳ ಕೋಣೆಗೆ ಹೋದಾಗ ಬಾಗಿಲವರೆಗೂ ನನ್ನ ಜೊತೆಗೇ ಬಂದರು.

ನನ್ನನ್ನು ಹೆದರಿಸಿದ್ದು ಇನ್ನೊಂದು ಸಂಗತಿ. ಆ ಶಿಕ್ಷೆಯಾದ ವರ್ಷ ನಾನು ನಿಜವಾಗಿಯೂ ಆಕ್ಲೆಂಡಿನಲ್ಲೇ ಇದ್ದೆ. ದೇಶಕ್ಕೆ ಹೊಸದಾಗಿ ಬಂದು, ಆ ಊರಿನ ಹಿಲ್ಸ್‌ಬರೋದ ಒಂದು ಮನೆಯಲ್ಲಿ ಮೂವರು ಫ್ಲ್ಯಾಟ್‌ಮೇಟುಗಳ ಜೊತೆ ಇದ್ದ ಕಾಲ ಅದು. ಪಾಸ್‌ಪೋರ್ಟಿನ ಠಸ್ಸೆ ತೋರಿಸಿ ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ.

ಅಂದು ಮಧ್ಯಾಹ್ನ ಬೇಲಿಯ ಪಕ್ಕ ನಿಂತು ಅಳುತ್ತಿದ್ದವಳನ್ನು ಕಾಕಾ ನೋಡಿದರು. ಏನಾಯಿತು ಎಂದು ಕೇಳಲಿಲ್ಲ; ‘ಕಾಗದ ಬಂತ್ರಿ’ ಎಂದ ನನ್ನ ಒಂದು ಮಾತು ಅವರಿಗೆ ಸಾಕಾಗಿತ್ತು. “ಕಾಗದ ಎಲ್ಲೈತಿ?” ಎಂದು ಕೇಳಿದರು. ಕೊಟ್ಟೆ. ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎರಡು ಸಲ ಓದಿದರು.

“ನಿನ್ನ ಹುಟ್ಟಿದ ದಿನ ಜೂನ್ ಒಂದೇನು?”

“ಕಾಗದದಾಗ ಹಂಗ ಐತ್ರಿ. ಖರೇ ಹುಟ್ಟಿದ್ದು ಶ್ರಾವಣದಾಗಂತ.”

ಕಾಕಾ ತಲೆ ಆಡಿಸಿದರು. “ನಮ್ಮ ಕಡೆ ಅರ್ಧ ಜನ ಜೂನ್ ಒಂದಕ್ಕ ಹುಟ್ಟ್ಯಾರವಾ. ಸಾಲಿಗೆ ಹೆಸರು ಹಚ್ಚಾಕ ಹೋದಾಗ ಹೆಡ್ ಮಾಸ್ತರು ಬರದ ತಾರೀಖು ಅದು. ಹೆಸರೂ ನಿಂದು ಓಣಿಗೆ ಇಬ್ಬರಿಗಿರೋ ಹೆಸರು, ಮ್ಯಾಲೆ ಪಾಟೀಲ. ನಿನ್ನಂಥಾಕಿ ಇನ್ನೊಬ್ಬಾಕಿ ಈ ದೇಶದಾಗ ಅದಾಳ. ಆಕಿ ಫೈಲು ನೋಡಬೇಕು. ಫೈಲ್‌ನಾಗ ಎಲ್ಲಾ ಇರ್ತೈತಿ.”

ನನಗೆ ಆ ಮಾತು ಎಷ್ಟು ಸುಲಭವಾಗಿ ಕೇಳಿಸಿತೆಂದರೆ ನಗುವೇ ಬಂತು. ಫೈಲು ನೋಡುವುದು, ಅಷ್ಟೇ ತಾನೆ.

ಅಷ್ಟಕ್ಕೆ ಒಂಬತ್ತು ತಿಂಗಳು ಹಿಡಿಯಿತು.

ಮೊದಲು ಕಂಪ್ಯೂಟರಿನಲ್ಲಿ ಹುಡುಕಿದೆವು. ಕೋರ್ಟಿನ ಹಳೆಯ ಕ್ರಿಮಿನಲ್ ದಾಖಲೆ ಪಡೆಯುವುದು ಹೇಗೆ ಎಂದು ಬರೆದರೆ ಪುಟ ಪುಟ ಅಮೆರಿಕದ ಸೈಟುಗಳು. ಹೆಸರು ಹಾಕಿ, ಕೌಂಟಿ ಆರಿಸಿ, ಅಪರಾಧದ ದಾಖಲೆ ಕೂಡಲೇ ನೋಡಿ ಎಂದು ಮಿನುಗುವ ಗುಂಡಿಗಳು. ಕಾಕಾ ನನ್ನ ಹೆಗಲ ಹಿಂದಿನಿಂದ ಬಗ್ಗಿ ನೋಡುತ್ತಿದ್ದರು.

“ಕೌಂಟಿ ಅಂದ್ರ?”

“ಜಿಲ್ಲಾ ಇದ್ದಂಗ್ರಿ. ಅಮೆರಿಕದಾಗ.”

“ನಾವು ಅಲ್ಲಿ ಇಲ್ಲಲ್ಲ. ಮುಚ್ಚು ಅದನ್ನ” ಅಂದರು. “ಕೋರ್ಟಿನ ಕೆಲಸ ಕೋರ್ಟಿಗೆ ಹೋಗೇ ಆಗಬೇಕು.”

ಈ ದೇಶದಲ್ಲಿ ಹೆಸರು ಒತ್ತಿದರೆ ಕೇಸು ತೆರೆದುಕೊಳ್ಳುವ ಸೈಟು ಇಲ್ಲ ಎಂಬುದು ನಮಗೆ ಗೊತ್ತಾಗಲು ಒಂದು ವಾರ ಬೇಕಾಯಿತು. ನನ್ನ ಹೆಸರಿನಲ್ಲಿರುವ ಶಿಕ್ಷೆಗಳ ಪಟ್ಟಿ ಕೊಡಿ ಎಂದು ನ್ಯಾಯ ಇಲಾಖೆಗೆ ಅರ್ಜಿ ಹಾಕಿದೆ. ಪಾಸ್‌ಪೋರ್ಟಿನ ಪ್ರತಿ, ಸಹಿ, ವಿಳಾಸದ ಪುರಾವೆ. ಅದೇ ಒಂದು ಸಾಲು ಮತ್ತೆ ಬಂತು. ಇದು ತಪ್ಪು, ತಿದ್ದಿ ಎಂದು ಬರೆದೆ. ಈ ಸಾಲು ಕೋರ್ಟಿನಿಂದ ಬಂದದ್ದು, ಕೋರ್ಟನ್ನೇ ಕೇಳಿ ಎಂದರು. ಬೆರಳಚ್ಚು ಹೋಲಿಸಿ ನೋಡಿ ಎಂದು ಪೊಲೀಸರನ್ನು ಬೇಡಿಕೊಂಡೆ. ಅದಕ್ಕೂ ಕೋರ್ಟಿನ ಕಾಗದ ಬೇಕು ಎಂದರು. ಎಲ್ಲರೂ ಎಷ್ಟು ನಯವಾಗಿ ಮಾತಾಡುತ್ತಿದ್ದರೆಂದರೆ ಫೋನಿಟ್ಟ ಮೇಲೆ ಕೂಗಾಡಲು ನನಗೆ ಯಾರೂ ಸಿಗುತ್ತಿರಲಿಲ್ಲ.

ನಮ್ಮ ಹತ್ತಿರದ ಕೋರ್ಟಿನ ಕೌಂಟರಿಗೆ ಹೋದೆವು. ಕಾಕಾ ಇಸ್ತ್ರಿ ಮಾಡಿದ ಅಂಗಿ, ಜೇಬಿಗೆ ಎರಡು ಪೆನ್ನು, ಕಂಕುಳಲ್ಲಿ ಒಂದು ರಟ್ಟಿನ ಫೈಲು. ನಮ್ಮ ಎಲ್ಲ ಅರ್ಜಿಗಳನ್ನೂ ಅವರು ತಾರೀಖಿನ ಕ್ರಮದಲ್ಲಿ ಜೋಡಿಸಿ, ತೂತು ಹೊಡೆದು, ದಾರ ಕಟ್ಟಿದ್ದರು. “ಪುಟಕ್ಕ ನಂಬರ್ ಇಲ್ಲಂದ್ರ ಅದು ದಾಖಲೆ ಅಲ್ಲವಾ, ಗಾಳಿಪಟ” ಎನ್ನುತ್ತಿದ್ದರು. ಕೌಂಟರಿನ ಹುಡುಗಿ ಕಂಪ್ಯೂಟರು ನೋಡಿ, ಈ ಕೇಸು ನಮ್ಮದಲ್ಲ, ಆ ಕೋರ್ಟಿಗೆ ಇ-ಮೇಲ್ ಮಾಡಿ ಎಂದಳು. ಮಾಡಿದೆ. ಹದಿಮೂರು ದಿನದ ಮೇಲೆ ಒಂದು ಪ್ರಶ್ನೆ ಬಂತು: ನೀವು ಆ ಕೇಸಿನ ಆರೋಪಿಯೇ?

ಅಲ್ಲ ಎಂದೆ.

ಹಾಗಾದರೆ ನೀವು ಮೂರನೆಯವರು, ಬೇರೆಯವರ ಫೈಲು ನೋಡಲು ನ್ಯಾಯಾಧೀಶರ ಅನುಮತಿ ಬೇಕು, ಏಕೆ ಬೇಕೆಂದು ಬರೆದು ಅರ್ಜಿ ಹಾಕಿ, ಆರೋಪಿಯ ಅಭಿಪ್ರಾಯವನ್ನೂ ಕೇಳಬೇಕಾಗಬಹುದು, ಸಮಯ ಹೇಳಲಾಗದು ಎಂದರು. ಆರೋಪಿಯಾಗಿದ್ದರೆ? ಆಗ ಗುರುತಿನ ಪತ್ರ ತೋರಿಸಿದರೆ ಸಾಕು.

ನನಗೆ ತಲೆ ಕೆಟ್ಟುಹೋಯಿತು. ಒಂದು ಕಚೇರಿ ನೀನೇ ಅಪರಾಧಿ ಎಂದು ಕೆಲಸ ಕಿತ್ತುಕೊಳ್ಳುತ್ತದೆ. ಇನ್ನೊಂದು ಕಚೇರಿ ನೀನು ಅಪರಾಧಿಯಲ್ಲವಲ್ಲ, ನಿನಗೇಕೆ ಫೈಲು ಎನ್ನುತ್ತದೆ. ಮೈಸೂರಿನವರಾದ ನನ್ನ ಯಜಮಾನರು ಇಂಜಿನಿಯರು, ಯಾವುದಕ್ಕೂ ಹತ್ತಿರದ ದಾರಿ ಹುಡುಕುವವರು. “ಆರೋಪಿ ಅಂತ ಇರೋ ಕಡೆ ಟಿಕ್ ಹಾಕ್ಬಿಡು. ಹೆಸರು ನಿಂದೇ, ಡೇಟ್ ಆಫ್ ಬರ್ತ್ ನಿಂದೇ. ಫೈಲ್ ಬಂದ್ಮೇಲೆ ನಾನಲ್ಲ ಅಂತ ಪ್ರೂವ್ ಮಾಡಿದ್ರಾಯ್ತು” ಅಂದರು. ನಾನೂ ಸುಸ್ತಾಗಿದ್ದೆ. ಟಿಕ್ ಹಾಕಿದೆ. ಸಹಿ ಮಾಡುವ ಮುನ್ನ ಕಾಕಾಗೆ ತೋರಿಸೋಣವೆಂದು ತೆಗೆದುಕೊಂಡು ಹೋದೆ.

ಅವರು ಸಿಟ್ಟಾದದ್ದನ್ನು ನಾನು ಕಂಡದ್ದು ಆವತ್ತು ಮೊದಲು. ಧ್ವನಿ ಏರಿಸಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗಿಟ್ಟುಕೊಂಡರು.

“ಇದನ್ನ ಕೊಟ್ಟರ ನಾಳೆ ಇದ ಕಾಗದ ನಿನ್ನ ಮ್ಯಾಲೆ ಸಾಕ್ಷಿ ಹೇಳ್ತೈತಿ. ‘ಹೌದು, ನಾನ ಆಕಿ’ ಅಂತ ಸಹಿ ಮಾಡಿ ಕೊಟ್ಟಂಗ. ಆಮ್ಯಾಲೆ ಯಾ ಜಡ್ಜ್ ನಂಬ್ತಾನ ನಿನ್ನ?”

“ಮತ್ತೇನ್ ಮಾಡ್ಲಿ ಕಾಕಾ? ಐದು ತಿಂಗಳಾತು. ಮಂದಿ ಮಾರಿ ನೋಡಾಕ ಆಗವಲ್ದು.”

“ಖರೇ ಅರ್ಜಿ ಹಾಕು. ತಡಾ ಆಗ್ತೈತಿ. ಆಗ್ಲಿ.”

ಆ ‘ಆಗ್ಲಿ’ ನನ್ನನ್ನು ಉರಿಸಿಬಿಟ್ಟಿತು. ತಡವಾದರೆ ಆಗುವ ನಷ್ಟ ನಿಮಗೆ ಗೊತ್ತಿಲ್ಲ, ಕೌಂಟರಿನ ಆಚೆಗೆ ಕೂತವರಿಗೆ ಅದು ಯಾವತ್ತೂ ಗೊತ್ತಾಗುವುದಿಲ್ಲ ಎಂದುಬಿಟ್ಟೆ. ತಂದೆಯ ವಯಸ್ಸಿನವರಿಗೆ ಹಾಗೆ ಹೇಳಬಾರದಿತ್ತು. ಕಾಕಾ ಕನ್ನಡಕ ತೆಗೆದು ಮಡಚಿಟ್ಟರು. ಆಮೇಲೆ ತಾವು ನಕಲು ಶಾಖೆಯಲ್ಲಿದ್ದಾಗಿನ ಒಂದು ಸಂಗತಿ ಹೇಳಿದರು.

ಒಬ್ಬ ಹೆಂಗಸು ದಿನಾ ಬರುತ್ತಿದ್ದಳಂತೆ. ಮಗನಿಗೆ ಶಿಕ್ಷೆಯಾಗಿತ್ತು, ಅಪೀಲಿಗೆ ತೀರ್ಪಿನ ನಕಲು ಬೇಕಿತ್ತು. ಟೈಪಿಸ್ಟ್ ರಜೆ, ಸಾಹೇಬರು ಕ್ಯಾಂಪು, ಸೀಲು ಬೀರುವಿನೊಳಗೆ. ಒಂದೊಂದು ದಿನ ಒಂದೊಂದು ಕಾರಣ. ಯಾವುದೂ ಸುಳ್ಳಲ್ಲ. “ನಾಳೆ ಬಾ ಅಂತಿದ್ದೆ. ಆಕೀನೂ ಹೂಂನ್ರೀ ಅಂತ ಹೋಗ್ತಿದ್ಲು. ಒಂದಿನ ನಕಲು ರೆಡಿ ಆತು. ಆಕಿ ಬರಲಿಲ್ಲ. ಅಪೀಲಿನ ಮುದ್ದತ್ತು ಹಿಂದಿನ ದಿನಾನ ಮುಗದಿತ್ತು. ಆಮ್ಯಾಲೂ ದಾರಿ ಇತ್ತು, ತಡಾ ಮಾಫ್ ಮಾಡ್ರಿ ಅಂತ ಕೇಳಬಹುದಿತ್ತು. ಆಕಿಗೆ ಅದನ್ನ ಹೇಳವರು ಯಾರು? ನಾ ಹೇಳಬೇಕಿತ್ತು.” ಕಿಟಕಿಯ ಹೊರಗೆ ನೋಡುತ್ತ ಹೇಳಿದರು, “ಕೌಂಟರಿನ ಆಚಿ ಕಡೆಯಾಂವಗ ಗೊತ್ತಿರೂದಿಲ್ಲ ಅಂದೆಲ್ಲ, ಖರೆ ಐತಿ ನೀ ಅಂದದ್ದು.”

ನಾನು ಮನೆಗೆ ಹೋಗಿ ಮೂರನೆಯವಳಾಗಿಯೇ ಅರ್ಜಿ ಬರೆದೆ. ಕಾಕಾ ಅದರ ಇಂಗ್ಲಿಷನ್ನು ತಿದ್ದಿ ‘ಮೋಸ್ಟ್ ರೆಸ್ಪೆಕ್ಟ್‌ಫುಲಿ’ ಎಂದು ಮೂರು ಕಡೆ ಸೇರಿಸಿದರು. ಎರಡನ್ನು ನಾನು ಅಳಿಸಿ ಕಳಿಸಿದೆ.

ನಂತರದ ತಿಂಗಳುಗಳನ್ನು ನೆನೆದರೆ ಇಂದಿಗೂ ಹಲ್ಲು ಕಚ್ಚುವಂತಾಗುತ್ತದೆ. ಅರ್ಜಿ ತಲುಪಿತೇ ಎಂದು ಕೇಳಿದರೆ ತಲುಪಿದೆ ಎಂದು ಒಂದು ಸಾಲು. ನ್ಯಾಯಾಧೀಶರ ಮುಂದೆ ಹೋಯಿತೇ ಎಂದರೆ ಉತ್ತರವಿಲ್ಲ. ಫೈಲು ಕೋರ್ಟಿನಲ್ಲಿಲ್ಲ, ಗೋದಾಮಿನಲ್ಲಿದೆ ಎಂದು ಒಮ್ಮೆ. ತರಿಸಿದ ಪೆಟ್ಟಿಗೆಯಲ್ಲಿ ಬೇರೆ ಯಾರದೋ ಫೈಲು ಬಂದಿದೆ ಎಂದು ಇನ್ನೊಮ್ಮೆ. ಅದನ್ನು ಕೇಳಿ ಕಾಕಾ ಎದ್ದು ನಿಂತುಬಿಟ್ಟರು. “ಪೆಟಿಗಿ ಮ್ಯಾಲೆ ಒಂದು ನಂಬರ್, ಒಳಗೊಂದು ನಂಬರ್! ನಮ್ಮ ರೆಕಾರ್ಡ್ ರೂಮಿನಾಗ ಇಲಿ ಇದ್ವು, ಗೆದ್ದಲ ಇತ್ತು, ಕರೆಂಟ್ ಇರಲಿಲ್ಲ. ಆದ್ರ ಹಿಂಗ ಆಗಿದ್ದಿಲ್ಲ” ಎಂದರು. ಒಂದು ನಿಮಿಷ ಬಿಟ್ಟು, “ಆಗಿತ್ತು, ಒಂದೆರಡು ಸಲ” ಎಂದು ತಾವೇ ತಿದ್ದಿಕೊಂಡರು.

ಅಷ್ಟರಲ್ಲಿ ನನ್ನ ಜಾಗಕ್ಕೆ ಕಿಂಡರ್‌ಗಾರ್ಟನ್ನಿನವರು ಬೇರೆಯವರನ್ನು ತೆಗೆದುಕೊಂಡರು. ದೀಪಾವಳಿ ಊಟದಲ್ಲಿ ಒಬ್ಬ ಆಂಟಿ, “ಏನೋ ಪೊಲೀಸ್ ಕೇಸ್ ಅಂತೆ?” ಎಂದು ಎಲೆಯ ಮುಂದೆಯೇ ಕೇಳಿದರು. ನನ್ನ ಪಕ್ಕ ಕೂತಿದ್ದ ಕಾಕಾ, “ಕೇಸ್ ಈಕಿ ಮ್ಯಾಲೆ ಅಲ್ಲ. ಈಕೀನ ಕಚೇರಿಗಳ ಮ್ಯಾಲೆ ಹಾಕ್ಯಾಳ” ಎಂದು ಜೋರಾಗಿ ಹೇಳಿ ಎಲೆಗೆ ಸಾರು ಹಾಕಿಸಿಕೊಂಡರು.

ಒಂಬತ್ತನೆಯ ತಿಂಗಳಿಗೆ ಆದೇಶ ಬಂತು. ಫೈಲು ನೋಡಬಹುದು, ಕೋರ್ಟಿನಲ್ಲೇ ಕೂತು. ನಕಲು ಇಲ್ಲ, ಫೋಟೋ ಇಲ್ಲ. ಕಂಡದ್ದನ್ನು ನನ್ನ ದಾಖಲೆ ತಿದ್ದಿಸುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವಂತಿಲ್ಲ, ಯಾರಿಗೂ ಹೇಳುವಂತಿಲ್ಲ. ಆ ಹೆಂಗಸನ್ನು ಹುಡುಕುವಂತಿಲ್ಲ.

ಕಾಕಾ ತಾವೂ ಬರುವುದೇ ಸೈ ಎಂದರು. ಮಗಳು ಬಿ.ಪಿ. ಮಾತ್ರೆಗಳ ಪಟ್ಟಿ ಬರೆದು ನನ್ನ ಕೈಗಿಟ್ಟಳು. ಆಕ್ಲೆಂಡಿಗೆ ವಿಮಾನದಲ್ಲಿ ಒಂದು ಗಂಟೆ. ಪಯಣದುದ್ದಕ್ಕೂ ಅವರು ನನಗೆ ಫೈಲು ಓದುವುದನ್ನು ಕಲಿಸಿದರು. “ಮುಂದಿನಿಂದ ಓದಬ್ಯಾಡ, ಹಿಂದಿನಿಂದ ಓದು. ತೀರ್ಪು ಮೊದಲು, ಆಮ್ಯಾಲೆ ದಿನದಿನದ ನೋಟು. ಟೈಪ್ ಮಾಡಿದ್ದನ್ನ ನಂಬಬ್ಯಾಡ, ಅದನ್ನ ಯಾಂವೋ ಗುಮಾಸ್ತ ಟೈಪ್ ಮಾಡಿರ್ತಾನ. ಕೈಲೆ ಬರದದ್ದು ಎಲ್ಲೈತಿ ಅಂತ ಹುಡುಕು.”

ಕೋರ್ಟಿನಲ್ಲಿ ನಡುವಯಸ್ಸಿನ ಒಬ್ಬ ಸಿಬ್ಬಂದಿ ನಮ್ಮನ್ನು ಬರಮಾಡಿಕೊಂಡರು. ಒಳ್ಳೆಯ ಹೆಂಗಸು. ಆದರೆ ಆದೇಶದಲ್ಲಿ ನನ್ನೊಬ್ಬಳ ಹೆಸರಿತ್ತು. ಕಾಕಾ ಹೊರಗೆ ಕೂರಬೇಕು ಎಂದರು. ಜೀವಮಾನವಿಡೀ ಫೈಲುಗಳ ನಡುವೆ ಬದುಕಿದ ಮನುಷ್ಯ, ಗಾಜಿನ ಬಾಗಿಲಿನ ಹೊರಗಿನ ಬೆಂಚಿನ ಮೇಲೆ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. “ರೂಲ್ ಐತಿ, ಹೋಗು ನೀ” ಎಂದರು.

ಫೈಲಿನಲ್ಲಿ ಏನಿತ್ತೆಂದು ನಾನು ಇಲ್ಲಿಯೂ ಬರೆಯಲಾರೆ. ಹೇಳುವುದಿಲ್ಲವೆಂದು ಸಹಿ ಮಾಡಿ ಕೊಟ್ಟಿದ್ದೇನೆ. ನನ್ನ ದಾಖಲೆ ತಿದ್ದಲು ಕೋರ್ಟೇ ಮುಂದೆ ಹೊರಗೆ ಬಿಟ್ಟುಕೊಟ್ಟ ಒಂದೇ ಸಂಗತಿಯನ್ನು ಹೇಳಬಹುದು. ಜಾಮೀನಿನ ಹಾಳೆಯಲ್ಲಿ ಆಕೆ ಸಹಿ ಮಾಡಿದ್ದಳು, ಕನ್ನಡದಲ್ಲಿ. ಒಂದೊಂದೇ ಅಕ್ಷರವನ್ನು ಒತ್ತಿ, ಒಂದನ್ನೊಂದು ಮುಟ್ಟದಂತೆ ಬರೆದಿದ್ದಳು. ಮೊದಲು ನನ್ನ ಹೆಸರು, ಕೊನೆಗೆ ನನ್ನ ಅಡ್ಡಹೆಸರು, ನಡುವೆ ಒಂದು ಗಂಡಸಿನ ಹೆಸರು. ನನ್ನ ತಂದೆಯದೂ ಅಲ್ಲ, ಗಂಡನದೂ ಅಲ್ಲ. ಇಂಗ್ಲಿಷಿನಲ್ಲಿ ಟೈಪು ಮಾಡಿದವರು ಆ ನಡುವಿನ ಹೆಸರನ್ನು ಎಲ್ಲಿಯೂ ಹಾಕಿರಲಿಲ್ಲ. ಹಳೆಯ ದಾಖಲೆಗಳನ್ನು ಹೊಸ ಕಂಪ್ಯೂಟರಿಗೆ ತುಂಬುವಾಗ ನಾವಿಬ್ಬರೂ ಒಬ್ಬಳೇ ಆಗಿದ್ದು ಹಾಗೆ.

ಅಷ್ಟು ದೂರದ ಊರಿನ ಆ ತಣ್ಣನೆಯ ಕೋಣೆಯಲ್ಲಿ ಆ ಮೂರು ಶಬ್ದಗಳನ್ನು ನೋಡುತ್ತ ನಾನು ಎಷ್ಟು ಹೊತ್ತು ಕೂತೆನೋ ತಿಳಿಯದು. ಸಿಬ್ಬಂದಿಯನ್ನು ಕರೆದು ತೋರಿಸಿದೆ. “ಇದು ಸುಮ್ಮನೆ ಗೀಚಿದ್ದು ಅಂದುಕೊಂಡಿದ್ದೆವು” ಎಂದರು ಆಕೆ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. “ಆದರೆ ನಕಲು ಕೊಡಲು ನನಗೆ ಅಧಿಕಾರವಿಲ್ಲ.”

ನಾನು ಹೊರಬಂದು ಕಾಕಾಗೆ ದಾಖಲೆ ತಿದ್ದಿಸಲು ಬೇಕಾದಷ್ಟನ್ನೇ ಹೇಳಿದೆ: ಪುರಾವೆ ಇದೆ, ಕನ್ನಡದ ಮೂರು ಶಬ್ದದ ಸಹಿ, ನಕಲು ಕೊಡುತ್ತಿಲ್ಲ. ಕಾಕಾ ಎದ್ದು ಕೌಂಟರಿಗೆ ಬಂದರು. ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಂಡರು. ತಮ್ಮ ಕೋರ್ಟಿನ ಇಂಗ್ಲಿಷಿನಲ್ಲಿ, ನಿಧಾನವಾಗಿ, ತಾವು ಮೂವತ್ತೊಂದು ವರ್ಷ ದಾಖಲೆ ಕಾದವರೆಂದೂ ನಕಲು ಕೇಳುತ್ತಿಲ್ಲವೆಂದೂ ಹೇಳಿದರು. ಇಂಥ ಫೈಲಿನ ಇಂಥ ಪುಟದಲ್ಲಿ ಬೇರೆ ಭಾಷೆಯ ಒಂದು ಸಹಿ ಇದೆ ಎಂದು ಕೋರ್ಟೇ ಒಂದು ಪ್ರಮಾಣಪತ್ರ ಬರೆದುಕೊಟ್ಟರೆ ಆದೇಶ ಮುರಿದಂತಾಗುವುದಿಲ್ಲ ಎಂದರು. ಆ ಹೆಂಗಸು ಮೇಲಿನವರನ್ನು ಕೇಳಲು ಒಳಗೆ ಹೋದರು. ಮುಕ್ಕಾಲು ಗಂಟೆಯ ಮೇಲೆ ಬಂದು, ಕೊಡಬಹುದು ಎಂದರು. ಆದರೆ ಆ ಸಹಿಯಲ್ಲಿ ಏನು ಬರೆದಿದೆ ಎಂದು ಹೇಳಲು ಮಾನ್ಯತೆ ಪಡೆದ ಕನ್ನಡ ಅನುವಾದಕರು ಬಂದು ನೋಡಬೇಕು.

“ಮೂರು ಶಬ್ದ!” ಎಂದರು ಕಾಕಾ ನನ್ನ ಕಡೆ ತಿರುಗಿ, ಕನ್ನಡದಲ್ಲಿ. “ಮೂರು ಶಬ್ದ ಓದಾಕ ನಾ ಇಲ್ಲೇ ನಿಂತೀನಲ್ಲವಾ! ಹುಟ್ಟಿದಾಗಿಂದ ಓದಾಕತ್ತೀನಿ!”

ಅವರನ್ನು ಬೆಂಚಿನ ಮೇಲೆ ಕೂರಿಸಿ ಮಾತ್ರೆ ಕೊಟ್ಟು ನೀರು ಕುಡಿಸಿದೆ. ಸುಧಾರಿಸಿಕೊಂಡ ಮೇಲೆ ಅವರು ಕೇಳಿದರು. “ಆಕಿದು ಏನು ಕೇಸು ಅಂತ ನಾ ಕೇಳೂದಿಲ್ಲ, ನೀ ಹೇಳಬ್ಯಾಡ. ಒಂದ ಮಾತು. ಆಕಿಗೆ ತಿಳಿಯೂ ಹಂಗ ಹೇಳವರು ಯಾರರ ಇದ್ರೇನು ಅಲ್ಲಿ?”

ಅದನ್ನೂ ನಾನು ಹೇಳುವಂತಿರಲಿಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ, ಕಾಕಾ ಮತ್ತೆ ಕೇಳಲಿಲ್ಲ. 

ಅನುವಾದಕರು ಸಿಕ್ಕು, ಆಕ್ಲೆಂಡಿನಲ್ಲಿ ಆ ಹಾಳೆ ನೋಡಿ, ಬರೆದು ಸಹಿ ಮಾಡಲು ಇನ್ನೂ ಎರಡು ತಿಂಗಳು. ಕೊನೆಗೆ ಒಂದು ಪತ್ರ ಬಂತು. ನಿಮ್ಮ ಹೆಸರಿನಿಂದ ಆ ದಾಖಲೆಯನ್ನು ತೆಗೆಯಲಾಗಿದೆ, ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಎರಡೇ ಸಾಲು. ಸಂತೋಷವಾಗಲಿಲ್ಲ. ಆ ಹಾಳೆಯನ್ನು ಹರಿದು ಹಾಕಬೇಕೆನಿಸಿತು. ಕಾಕಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಪೆನ್ಸಿಲಿನಿಂದ ಮೂಲೆಯಲ್ಲಿ ೧೪೭ ಎಂದು ಬರೆದು ನಮ್ಮ ಫೈಲಿಗೆ ಪೋಣಿಸಿದರು. ಮುಂದೆ ನನಗೆ ಇನ್ನೊಂದು ಕಡೆ ಕೆಲಸ ಸಿಕ್ಕಿತು. ಈಗಲೂ ತಪಾಸಣೆಯ ಫಾರಮ್ಮಿಗೆ ಸಹಿ ಹಾಕುವ ಮುನ್ನ ಆ ಪತ್ರದ ಪ್ರತಿ ಚೀಲದಲ್ಲಿದೆಯೇ ಎಂದು ನೋಡಿಕೊಳ್ಳುತ್ತೇನೆ.

ನನ್ನ ಕೆಲಸ ಮುಗಿಯಿತು. ಕಾಕಾ ಅವರದು ಮುಗಿಯಲಿಲ್ಲ. ಎಪ್ಪತ್ತೈದರ ಸನಿಹದಲ್ಲಿ ಅವರು ಕೋರ್ಟಿನ ಕನ್ನಡ ದುಭಾಷಿಯಾಗಬೇಕೆಂದು ಹೊರಟರು. ಮೊದಲ ಅರ್ಜಿ ವಾಪಸು ಬಂತು, ಭಾಷಾಂತರದ ತರಬೇತಿಯ ಪ್ರಮಾಣಪತ್ರ ಇಲ್ಲವೆಂದು. ತರಬೇತಿಗೆ ಸೇರಲು ಇಂಗ್ಲಿಷ್ ಪರೀಕ್ಷೆ ಬರೆದರು. ಬರವಣಿಗೆಯಲ್ಲಿ ಪಾಸು, ಕೇಳಿ ಬರೆಯುವುದರಲ್ಲಿ ಫೇಲು. “ಇಲ್ಲಿ ಮಂದಿ ಪೆನ್ನಿಗೆ ಪಿನ್ ಅಂತಾರ! ಟೆನ್ನಿಗೆ ಟಿನ್ ಅಂತಾರ! ಫೇಲ್ ಆಗಿದ್ದು ನಾನೋ ಅವರೋ?” ಎಂದು ವಾರವಿಡೀ ಕೂಗಾಡಿದರು. ಆಮೇಲೆ ದಿನಾ ಬೆಳಿಗ್ಗೆ ರೇಡಿಯೋ ಹಚ್ಚಿ, ಸುದ್ದಿ ಕೇಳಿ ಬರೆದುಕೊಳ್ಳಲು ಕೂತರು. ಮಗಳು ಬೇಡಿಕೊಂಡಳು, ನಾನೂ ಬೇಡಿಕೊಂಡೆ. ಈ ವಯಸ್ಸಿನಲ್ಲಿ ಏಕೆ ಇದೆಲ್ಲ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇಷ್ಟೇ: “ಆಕಿ ಸಹಿ ನಾ ನೋಡಿಲ್ಲ. ಆದ್ರ ಕಣ್ಣಿಗೆ ಕಟ್ಟಿದಂಗ ಐತಿ.”

ಎರಡನೆಯ ಸಲ ಪರೀಕ್ಷೆಯಲ್ಲಿ ಪಾಸಾದರು. ತರಬೇತಿ ಮುಗಿಸಿ ಮತ್ತೆ ಅರ್ಜಿ ಹಾಕಿದರು. ಉತ್ತರ ಬರುವ ಮುನ್ನ, ವಸಂತದ ಗಾಳಿ ಜೋರಾಗಿದ್ದ ಒಂದು ಮುಂಜಾನೆ, ರೇಡಿಯೋ ಮುಂದೆಯೇ ಕುಸಿದರು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ತೊದಲುತ್ತಿತ್ತು. ಮೂರನೆಯ ದಿನ ನನ್ನನ್ನು ಗುರುತಿಸಿದರು.

“ಪತ್ರಾ?” ಎಂದರು.

“ಇನ್ನೂ ಬಂದಿಲ್ರಿ ಕಾಕಾ.”

“ರಿಮೈಂಡರ್... ಹಾಕು.”

ಹಾಕುತ್ತೇನೆ ಎಂದೆ. ಮರುದಿನ ಮಧ್ಯಾಹ್ನ ಅವರು ಹೋದರು.

ಪತ್ರ ಬಂದದ್ದು ಐದು ವಾರದ ನಂತರ. ಮಗಳು ಲಕೋಟೆಯನ್ನು ಒಡೆಯದೆ ನನಗೆ ತಂದುಕೊಟ್ಟಳು. ಅರ್ಜಿ ಪರಿಶೀಲನೆಯಲ್ಲಿದೆ, ಇನ್ನೊಂದು ದಾಖಲೆ ಕಳಿಸಿ ಎಂದಿತ್ತು. ಇಬ್ಬರೂ ಅಡುಗೆಮನೆಯಲ್ಲಿ ನಿಂತು ಅದನ್ನು ಓದಿದೆವು. ಅವಳು ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅದೇ ವಾರ ನಾನು ಆ ತರಬೇತಿಗೆ ಹೆಸರು ಕೊಟ್ಟೆ. ಶನಿವಾರಗಳ ತರಗತಿ, ಪರೀಕ್ಷೆ, ಕಾಯುವಿಕೆ. ನನಗೂ ಒಂದು ಅರ್ಜಿ ವಾಪಸು ಬಂತು. ಮತ್ತೆ ಹಾಕಿದೆ.

ನನಗೆ ಮೊದಲ ಕರೆ ಬಂದದ್ದು ಒಬ್ಬ ವಯಸ್ಸಾದ ತಾಯಿಗಾಗಿ. ಆಕೆ ಒಂದು ಕೇಸಿನಲ್ಲಿ ಸಾಕ್ಷಿ. ಕುಪ್ಪಸದ ಮೇಲೆ ಸ್ವೆಟರು, ಕಾಲಿಗೆ ಯಾರದೋ ದೊಡ್ಡ ಬೂಟು. ನಾನು ಪ್ರಮಾಣ ಮಾಡಿ ಪಕ್ಕದಲ್ಲಿ ಕೂತೆ. ದುಭಾಷಿ ಎದುರಿಗಿರುವವರು ಆಡಿದ್ದನ್ನಷ್ಟೇ ಆಡಬೇಕು, ತನ್ನದೊಂದು ಅಕ್ಷರವನ್ನೂ ಸೇರಿಸಬಾರದು. ನ್ಯಾಯಾಧೀಶರು ಆಕೆಗೆ ಆರಾಮವಾಗಿ ಕೂರಲು ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಆಕೆ ಬೆಚ್ಚಿ ನನ್ನತ್ತ ತಿರುಗಿದಳು. ನನ್ನ ಮುಂಗೈ ಹಿಡಿದುಕೊಂಡಳು.

“ಯವ್ವಾ, ನೀ ನಮ್ಮ ಕಡೆಯಾಕೇನು?”

ಅದನ್ನೂ ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅದು ನಿಯಮ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನಮ್ಮಿಬ್ಬರನ್ನೂ ನೋಡಿದರು.

“ಅದಕ್ಕೆ ನೀವು ಉತ್ತರ ಕೊಡಬಹುದು” ಎಂದರು.

“ಹೌದ್ರಿ” ಎಂದೆ.